ಬೀಗ ಕಳಿಸುವವರು

ವಾರ್ಡಿನ ಜನ ಬರೆದ ಪ್ರತಿ ಚಾಟನ್ನೂ, ಅದು ಆಚೆಯವರಿಗೆ ತಲುಪುವ ಮೊದಲು, ಸರಕಾರದ ಓದುಗಾರ ಗಟ್ಟಿಯಾಗಿ ಓದಬೇಕು, ಅವನ ಕೋಣೆಯ ಚಾವಣಿಯಲ್ಲಿರುವ ಯಂತ್ರದ ಕಿವಿ ಅದನ್ನು ಕೇಳಿಸಿಕೊಂಡು ಮೇಲಿನವರಿಗೆ ಮುಟ್ಟಿಸಬೇಕು. ಊರಿಗೆಲ್ಲ ಅದು ರೂಢಿಯಾಗಿತ್ತು. ಅವನು ಓದಿದ್ದೇ ದಾಖಲೆ. ಓದುಗಾರ ಪುಟ್ಟಸ್ವಾಮಯ್ಯ ಒಂದಕ್ಷರವನ್ನೂ ತಪ್ಪಾಗಿ ಓದಿದವನಲ್ಲ, ಒಂದು ಒಳ್ಳೆಯ ಮಾತನ್ನೂ ಆಡಿದವನಲ್ಲ.

ಅವನ ಕಣ್ಣು ತಪ್ಪಿಸಲೆಂದೇ ಮಂದಾಕಿನಿ ಚಾಟ್ ಪುಟಕ್ಕೆ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಕಳಿಸಿದ ಮಾತನ್ನು ಬೇರೆಯವರು ಓದಲಾಗದಂತೆ ಮಾಡುವ ಒಂದು ಬೀಗ ಬರೆದು ಸೇರಿಸಿದ್ದಳು. ಕೀಲಿ ಇದ್ದದ್ದು ಅವಳ ಬಳಿ ಮತ್ತು ಮೇಲಿನವರಿಂದ ತಲೆಮರೆಸಿಕೊಂಡಿದ್ದ ತಂಗಿಯ ಬಳಿ ಮಾತ್ರ. ಆ ಧೈರ್ಯದಲ್ಲೇ ನಿನ್ನೆ, "ಗದಗದಲ್ಲೇ ಇರು, ಬಟ್ಟೆ ಕಳಿಸ್ತೀನಿ" ಎಂದು ತಂಗಿಗೆ ಬರೆದಿದ್ದಳು. ಇಂದು ಓದುಗಾರ ಅವಳನ್ನು ತನ್ನ ಕೋಣೆಗೆ ಕರೆಸಿದ್ದ.

"ಭಾರಿ ಜಾಣೆ ಕಣಮ್ಮ ನೀನು! ಬೀಗ ನೀನೇ ಬರೆದೆ, ಸರಿ. ಪುಟ ಇರೋದೆಲ್ಲಿ? ನಮ್ಮ ಯಂತ್ರದಲ್ಲಿ. ನೀನು ತೆರೆದಾಗಲೆಲ್ಲ ಆ ಬೀಗ ಕಳಿಸೋರು ನಾವು. ಅದರೊಳಗೆ ನಮ್ಮದೊಂದು ಸಾಲು ಸೇರಿಸಿ ಕಳಿಸಿದ್ವಿ, ಅಷ್ಟೇ. ಬೀಗ ಬೀಳೋಕೆ ಮುಂಚೆನೇ ನಿನ್ನ ಮಾತು ನಮಗೆ ಬಂತು."

ಮಂದಾಕಿನಿ ಕೈಮುಗಿದಳು. "ಅವಳಿನ್ನೂ ಚಿಕ್ಕ ಹುಡುಗಿ ಸ್ವಾಮಿ. ದಯವಿಟ್ಟು ಓದಬೇಡಿ."

"ಬಾಯಿ ಮುಚ್ಚು!" ಎಂದು ಗದರಿ ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಅವಳು ಬರೆದದ್ದು ಹಾಗೆಯೇ ಅಲ್ಲಿತ್ತು. ಕನ್ನಡಕ ಒರೆಸಿಕೊಂಡು, ಚಾವಣಿಗೆ ಕೇಳುವಂತೆ ಓದಿದ:

"ಕೋಲಾರದಲ್ಲೇ ಇರು, ಬಟ್ಟೆ ಕಳಿಸ್ತೀನಿ."

ಅವಳು ತಲೆಯೆತ್ತಿದಳು.

"ಏನು ನೋಡ್ತೀಯ? ಎದ್ದು ಹೋಗು! ಇನ್ನೊಂದ್ಸಲ ಆ ಪುಟ ಮುಟ್ಟಿದ್ರೆ ಕೈ ಮುರೀತೀನಿ," ಎಂದು ಕೂಗಿದ. ಕೂಗುತ್ತಲೇ, ಅವಳ ಸಾಲನ್ನು ಪರದೆಯಿಂದ ಅಳಿಸಿದ.