ಮೂಗಿನ ವಾರ

"ಗಾಳಿ ಬಂತಮ್ಮಾ," ಎಂದಳು ಚಿಟ್ಟು, ಕಣ್ಣಿಗೆ ಬಟ್ಟೆ ಕಟ್ಟಿದ ಮುಖವನ್ನು ಮೇಲೆತ್ತಿ.

ಅಮ್ಮ ನಕ್ಕಳು. "ಗಾಳಿ ಎಲ್ಲಾ ಬಾಟಲಿಯಲ್ಲೂ ಬರುತ್ತೆ ಕಣೇ. ಯಾವುದರ ವಾಸನೆ ಬಂತು, ಅದು ಹೇಳು."

ನಾಲ್ಕು ವರ್ಷದ ಮಗಳಿಗೆ ಮನೆಯಲ್ಲೇ ಪಾಠ, ವಾರಕ್ಕೊಂದು ವಿಷಯ. ಭಾನುವಾರವೇ ಅಮ್ಮ ಹಳೇ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ಶನಿವಾರದವರೆಗಿನ ಆಟಗಳನ್ನು ಬರೆದಿಡುತ್ತಿದ್ದಳು. ಕಣ್ಣಿನ ವಾರ ಮುಗಿದಿತ್ತು, ಕಿವಿಯ ವಾರ ಮುಗಿದಿತ್ತು. ಇದು ಮೂಗಿನ ವಾರ. ಮುಚ್ಚಳಕ್ಕೆ ತೂತು ಕೊರೆದ ಐದು ಔಷಧಿ ಬಾಟಲಿ. ಮೊದಲೆರಡನ್ನು ಚಿಟ್ಟು ಥಟ್ಟನೆ ಹೇಳಿದ್ದಳು: ಲವಂಗ, ಕಾಫಿಬೀಜ. ಅಮ್ಮ ಹಿಗ್ಗಿ ಹೀರೇಕಾಯಿಯಾಗಿದ್ದಳು. ಆಮೇಲೆ ನೋಡಿದರೆ ಕಳ್ಳಿ, ಬಾಟಲಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಹೇಳುತ್ತಿದ್ದಾಳೆ! ಮೂರನೆಯದರಲ್ಲಿ ಜಜ್ಜಿದ ಬೆಳ್ಳುಳ್ಳಿಯಿತ್ತು. ಅದು ಗಲಗಲ ಎನ್ನಲಿಲ್ಲ.

"ನೆಗಡಿಯಾಗಿದೆಯೇನೇ ನಿನಗೆ?" ಎನ್ನುತ್ತಾ ಅಮ್ಮ ಬಾಟಲಿಯನ್ನು ತನ್ನ ಮೂಗಿಗೆ ಹಿಡಿದಳು. ಏನೂ ಇಲ್ಲ. ಮುಚ್ಚಳ ತೆಗೆದು ಉಸಿರೆಳೆದಳು. ಇಲ್ಲ. ಒಂದು ಎಸಳನ್ನು ಬಾಯಿಗೆ ಹಾಕಿ ಕಚ್ಚಿದಳು. ನಾಲಿಗೆ ಚುರ್ರೆಂದಿತು, ಕಣ್ಣಲ್ಲಿ ನೀರು ಬಂತು, ಮೂಗು ಮಾತ್ರ ಕಲ್ಲಿನ ಹಾಗೆ ಕೂತಿತ್ತು. ಮೊನ್ನೆ ಹಾಲು ತಳಹಿಡಿದು ಕರಕಲಾದದ್ದು ತಿಳಿದದ್ದು ಹೊಗೆ ಕಣ್ಣಿಗೆ ಬಿದ್ದಮೇಲೆ. ಅದಕ್ಕೂ ಮುಂಚೆ ಯಾವಾಗ, ಯಾವುದನ್ನು ಮೂಸಿದ್ದೆ? ನೆನಪಾಗಲಿಲ್ಲ. ಗ್ಯಾಸ್ ಸೋರಿದರೆ? ಓಡಿಹೋಗಿ ಒಲೆಯ ಕಿವಿ ತಿರುವಿ ನೋಡಿದಳು. ಮುಚ್ಚಿಯೇ ಇತ್ತು. ಆದರೂ ಮತ್ತೊಂದು ಸಲ ತಿರುವಿದಳು, ಮತ್ತೊಂದು ಸಲ.

ಮಗಳನ್ನು ಸೊಂಟಕ್ಕೇರಿಸಿಕೊಂಡು, ಐದನೆಯದಾದ ಸೀಮೆಎಣ್ಣೆಯ ಬಾಟಲಿ ಹಿಡಿದು ಪಕ್ಕದ ಮನೆಗೆ ಹೋದಳು. ಟೈಲರಮ್ಮ ಮಿಷನ್ ತುಳಿಯುವುದನ್ನು ನಿಲ್ಲಿಸಿ ಮೂಸಿದರು.

"ಏನೇ ಹುಡುಗಿ, ನೀರಿನ ಬಾಟಲಿ ಕೊಟ್ಟು ನನ್ನನ್ನೇ ಮಂಗ ಮಾಡ್ತೀಯಾ?"

"ನೀರಲ್ಲ ದೊಡ್ಡಮ್ಮಾ. ಸೀಮೆಎಣ್ಣೆ."

ಟೈಲರಮ್ಮ ಇನ್ನೊಮ್ಮೆ ಮೂಸಿದರು. ಬೆರಳಿಗೆ ಹಚ್ಚಿಕೊಂಡು ಮೂಸಿದರು. "ವಯಸ್ಸಾಯ್ತಲ್ಲ ನನಗೆ," ಎಂದರು. ಆಮೇಲೆ ಸೊಂಟದ ಮೇಲಿದ್ದ ಮಗುವನ್ನು ನೋಡಿ ದನಿ ತಗ್ಗಿಸಿದರು. "ಇದಕ್ಕೂ ಇಲ್ವಾ? ಅಲ್ವೇ, ಈ ಲೈನ್ ಮನೆಗೆ ಬಂದ ಹೊಸದರಲ್ಲಿ ಕಾರ್ಖಾನೆ ಚಿಮಣಿ ನಾತಕ್ಕೆ ತುತ್ತು ಇಳೀತಿರಲಿಲ್ಲ ನಮಗೆ. ಈಗ ಕಂಪನಿಯವರು ಅದೇನೋ ಸರಿಮಾಡಿ ಆರು ತಿಂಗಳಾಯ್ತು, ಒಂಚೂರೂ ನಾತ..."

ಇಬ್ಬರೂ ಕಿಟಕಿಯಾಚೆ ನೋಡಿದರು. ಕಾರ್ಖಾನೆಯ ಚಿಮಣಿ ಮೊದಲಿನ ಹಾಗೇ ಹಳದಿ ಹೊಗೆ ಕಕ್ಕುತ್ತಿತ್ತು, ಮೊದಲಿಗಿಂತ ಒಂದು ಕೈ ಹೆಚ್ಚಾಗಿಯೇ.

ಮನೆಗೆ ಮರಳಿದರೆ ಬಾಗಿಲಲ್ಲಿ ನೆಗಡಿ ಸಾಹೇಬ ನಿಂತಿದ್ದ. ಕಂಪನಿಯ ಮನುಷ್ಯ, ತಿಂಗಳಿಗೊಮ್ಮೆ ಫಾರ್ಮು ಹಿಡಿದು ಲೈನಿನ ಮನೆಮನೆಗೂ ಬರುತ್ತಿದ್ದ. ಎಂಥ ಬಿಸಿಲಲ್ಲೂ ಮೂಗಿನ ಮೇಲೆ ಕರವಸ್ತ್ರ. ಹಾಗಾಗಿ ಆ ಹೆಸರು. 'ಪಾಪ, ಶುಂಠಿ ಕುಡೀರಿ ಸಾರ್' ಎಂದು ಹೆಂಗಸರೆಲ್ಲ ಅವನಿಗೆ ಔಷಧಿ ಹೇಳಿದ್ದೇ ಹೇಳಿದ್ದು.

"ಬೇಗ ಸೈನ್ ಹಾಕಮ್ಮಾ. ಗಾಳಿಯಲ್ಲಿ ವಾಸನೆ ಇದೆಯೇ? 'ಇಲ್ಲ'. ಐದು ತಿಂಗಳಿಂದ ನಿಮ್ಮ ಲೈನಲ್ಲಿ ಎಲ್ಲರದ್ದೂ 'ಇಲ್ಲ' ಅಂತಲೇ. ಇದೊಂದು ತಿಂಗಳು ಆಯ್ತು ಅಂದ್ರೆ ಎರಡನೇ ಚಿಮಣಿಗೆ ಪರ್ಮಿಶನ್ ಸಿಗುತ್ತೆ."

ಪೆನ್ನು ಹಿಡಿದವಳು ಮನಸ್ಸಿನಲ್ಲೇ ಎಣಿಸಿದಳು. ಐದು ಫಾರ್ಮು. ಐದರಲ್ಲೂ ಅವಳದೇ ಸಹಿ. ಸುಳ್ಳೇನೂ ಬರೆದಿರಲಿಲ್ಲ.

"ಏನು ಯೋಚನೆ? ನಿಮ್ಮ ಯಜಮಾನರ ಹೆಸರು ಪರ್ಮನೆಂಟ್ ಲಿಸ್ಟಿನಲ್ಲಿದೆ ಅಂತ ಕೇಳ್ದೆ," ಎಂದ ಸಾಹೇಬ, ಬಲು ಮೆತ್ತಗೆ. "ಈಗ ತಕರಾರು ಗಿಕರಾರು ಯಾಕೆ? ಈ ಮನೆ ಕಂಪನಿಯದು ಅಲ್ವಾ."

ಬಾಯ್ಲರಿನ ಮುಂದೆ ಬೇಯುತ್ತಿರುವ ಗಂಡ, ತಲೆಯ ಮೇಲಿನ ಸೂರು, ಎಲ್ಲವೂ ಆ ಹಾಳೆಯ ಮೇಲೆ ಕೂತಂತಿತ್ತು. ಕೊರಳಿಗೆ ಆತುಕೊಂಡಿದ್ದ ಚಿಟ್ಟುವಿನ ಉಸಿರು ಬೆಚ್ಚಗೆ ಬಂದು ಹೋಗುತ್ತಿತ್ತು, ಬಂದು ಹೋಗುತ್ತಿತ್ತು. ಒಳಗೆ ಹೋಗುತ್ತಿರುವುದು ಏನೆಂದು ಆ ಮಗುವಿಗೂ ಗೊತ್ತಿಲ್ಲ, ತನಗೂ ಗೊತ್ತಿಲ್ಲ. ಈ ಹೊಸ್ತಿಲಲ್ಲಿ ಅದು ಗೊತ್ತಿರುವವನು ಒಬ್ಬನೇ.

ಪೆನ್ನನ್ನು ಅವನ ಜೇಬಿಗೇ ಸಿಕ್ಕಿಸಿದಳು.

"ನಮ್ಮ ಮನೆಯಲ್ಲಿ ಮೂಗು ಸತ್ತು ಎಷ್ಟು ದಿನವಾಯ್ತೋ ಸಾರ್," ಎಂದಳು. "ನಿಮ್ಮದು ಚೆನ್ನಾಗಿದೆ. ಆ ಬಟ್ಟೆ ತೆಗೆದು, ಒಂದೇ ಒಂದು ಸಲ ಉಸಿರೆಳೆದು ಹೇಳಿಬಿಡಿ. ನೀವು ಏನು ಹೇಳಿದ್ರೂ ಅದನ್ನೇ ಬರೆದು ಸೈನ್ ಹಾಕ್ತೀನಿ."

ಸಾಹೇಬ ಮೆಟ್ಟಿಲ ಮೇಲೆ ಒಂದು ಹೆಜ್ಜೆ ಹಿಂದೆ ಸರಿದ. ಕರವಸ್ತ್ರವನ್ನು ಇನ್ನೊಂದು ಮಡಿಕೆ ಮಡಚಿ, ಮೂಗಿಗೆ ಗಟ್ಟಿಯಾಗಿ ಒತ್ತಿಕೊಂಡ.