ಮೂರು ಚಮಚ ಉಪ್ಪು

“ನಾಳೆ ಬೆಳಿಗ್ಗೆ ಇದನ್ನ ಕ್ಯಾಪ್ಟನ್ ಕೈಗೆ ಕೊಡ್ತೀನಿ,” ಎಂದು ಕ್ಲೇಟನ್ ತನ್ನ ರಾಜೀನಾಮೆ ಪತ್ರವನ್ನು ಆಪ್ತಸಮಾಲೋಚಕಿ ಲೋರ್ನಾಳ ಮೇಜಿನ ಮೇಲಿಟ್ಟ. ಆಮೇಲೆ ತಲೆಯನ್ನು ಪಕ್ಕಕ್ಕೆ ವಾಲಿಸಿ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಅವಳದೇ ಜೇನುದನಿ ತೆಗೆದ: “ಈಗ ನಿಮಗೆ ಹೇಗನ್ನಿಸ್ತಿದೆ, ಕ್ಲೇಟನ್?”

ಲೋರ್ನಾ ನಕ್ಕುಬಿಟ್ಟಳು. ಡುಲೂತ್ ಊರಿನ ಅಗ್ನಿಶಾಮಕರು ಅವಳೆದುರಿನ ಕುರ್ಚಿಯಲ್ಲಿ ಕೂತು ಅತ್ತದ್ದುಂಟು, ಎದ್ದು ಕುರ್ಚಿ ಒದ್ದದ್ದೂ ಉಂಟು. ಅವಳ ದನಿಯನ್ನೇ ಕದ್ದವನು ಇವನೊಬ್ಬನೇ. ಆದರೆ ನಗು ಆರುವ ಮೊದಲೇ ಅವಳು ನೇರವಾಗಿ ಕೇಳಿದಳು: “ಕೆಲಸ ಮಾತ್ರ ಸಾಕಾಯ್ತಾ, ಬದುಕೂ ಸಾಕಾಯ್ತಾ?”

ಕ್ಲೇಟನ್ ಕಿಟಕಿಯಾಚೆ ಹೆಪ್ಪುಗಟ್ಟಿದ ಸರೋವರದತ್ತ ನೋಡಿದ. “ಇವತ್ತಿಗೆ ಕೆಲಸ ಮಾತ್ರ, ಮೇಡಂ. ಅದೂ ಹೋದಮೇಲೆ ಏನು ಅಂತ ನನಗೇ ಗೊತ್ತಿಲ್ಲ.”

ಏಳು ವಾರದ ಹಿಂದೆ ಉರಿಯುವ ಮನೆಯ ಮೂರನೇ ಮಹಡಿಯಿಂದ ಒಬ್ಬ ಮುದುಕನನ್ನು ಅವನು ಹೆಗಲ ಮೇಲೆ ಹೊತ್ತು ತಂದಿದ್ದ. ಬೀದಿಗೆ ಬರುವಷ್ಟರಲ್ಲಿ ಹೆಗಲ ಮೇಲೆ ಉಸಿರಿರಲಿಲ್ಲ. ಅದರ ಬಗ್ಗೆ ಆರು ಸಲ ಮಾತಾಡಿ ಆಗಿತ್ತು. ಲೋರ್ನಾ ಇವತ್ತು ಬೇರೆ ಬಾಗಿಲು ತಟ್ಟಿದಳು. “ಆ ಬೆಂಕಿಗೆ ಮುಂಚೆ ಸ್ಟೇಷನ್ನಲ್ಲಿ ನಿಮ್ಮನ್ನ ಹೇಗೆ ನೋಡ್ಕೊಳ್ತಿದ್ರು?”

“ನಾಯಿ ಥರ!” ಅವನ ಮುಖ ಬೆಳಗಿತು. “ಹಾಸಿಗೆಯೊಳಗೆ ಮೀನು ಇಡೋರು. ಸ್ನಾನಕ್ಕೆ ನಿಂತ್ರೆ ಮೇಲಿಂದ ಒಂದು ಬಕೆಟ್ ಐಸ್ ನೀರು.”

“ಈಗ?”

“ಟವೆಲ್ ತಂದುಕೊಡ್ತಾರೆ.” ದನಿ ಕುಸಿಯಿತು. “‘ಕೂತ್ಕೊಳ್ಳಪ್ಪ, ಪಾತ್ರೆ ನಾನು ತೊಳೀತೀನಿ’ ಅಂತಾರೆ. ಏಳು ವಾರದಿಂದ ಒಂದು ಕೀಟಲೆ ಇಲ್ಲ. ನಮ್ಮಲ್ಲಿ ಯಾರ ತಂಟೆಗೆ ಹೋಗಲ್ಲ ಗೊತ್ತಾ? ಸತ್ತವನ ಹೆಂಡತಿ ತಂಟೆಗೆ. ಇಲ್ಲಾ, ಇನ್ನು ಕೆಲಸಕ್ಕೆ ಬಾರದವನ ತಂಟೆಗೆ.”

“ಇದನ್ನ ಅವರಿಗೆ ಹೇಳಿದ್ರಾ?”

“ಏನಂತ? ‘ಸಾರ್, ದಯವಿಟ್ಟು ನನ್ನ ಗೋಳು ಹುಯ್ಕೊಳ್ಳಿ’ ಅಂತ ಅರ್ಜಿ ಹಾಕ್ಲಾ?”

“ಈ ಕೋಣೆಯ ಮಾತನ್ನ ನಾನು ಹೊರಗೆ ಹೇಳೋ ಹಾಗಿಲ್ಲ,” ಎಂದಳು ಲೋರ್ನಾ. “ಮುಟ್ಟಿದ್ರೆ ನೀವು ಒಡೆದು ಹೋಗ್ತೀರಿ ಅಂತ ಅವರಿಗೆ ಭಯ. ಮೊದಲು ನೀವೇ ಮುಟ್ಟಿ. ಪತ್ರ ಕೊಡೋ ಮುಂಚೆ ಕ್ಯಾಪ್ಟನ್‌ಗೆ ಒಂದು ಕೀಟಲೆ. ಏನೇ ಆಗಲಿ, ಒಂಬತ್ತಕ್ಕೆ ಸರಿಯಾಗಿ ನನಗೆ ಫೋನ್ ಮಾಡಬೇಕು. ಮಾತು ಕೊಡಿ.”

ಕೊಟ್ಟ.

ಮರುದಿನ ಬೆಳಿಗ್ಗೆ ಸ್ಟೇಷನ್ನಿನ ಅಡುಗೆಮನೆಯಲ್ಲಿ ಕ್ಯಾಪ್ಟನ್ ಓಸ್ಮೋನ ಕಾಫಿಗೆ ಮೂರು ಚಮಚ ಉಪ್ಪು ಬಿತ್ತು. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಸಹೋದ್ಯೋಗಿ ಜನೆಲ್ ಅದನ್ನು ಕಂಡು ಕೈ ನಿಲ್ಲಿಸಿದಳು. ಓಸ್ಮೋ ಒಂದು ಗುಟುಕು ಕುಡಿದ. ಹುಬ್ಬು ಅಲುಗಲಿಲ್ಲ. ಇನ್ನೊಂದು ಗುಟುಕು. ತಳ ಕಾಣುವವರೆಗೂ ಕುಡಿದು ಮೀಸೆ ಒರೆಸಿಕೊಂಡ. “ಕಾಫಿ ಚೆನ್ನಾಗಿದೆ. ಥ್ಯಾಂಕ್ಸ್ ಕಣಪ್ಪ.”

ಕ್ಲೇಟನ್ ಖಾಲಿ ಲೋಟವನ್ನೇ ನೋಡಿದ. ಅಯ್ಯೋ ಪಾಪ ಎಂದು ಉಪ್ಪನ್ನೂ ನುಂಗುತ್ತಾರೆ ಇವರು! ರಾಜೀನಾಮೆ ಪತ್ರವನ್ನು ಲೋಟದ ಪಕ್ಕ ಇಟ್ಟು ಹೊರಟುಹೋದ. ಕೆಳಗೆ ಬೆಂಕಿ ನಂದಿಸುವ ಲಾರಿಯ ಹೊಳೆಯುವ ಬಾಗಿಲನ್ನೇ ಮತ್ತೆ ಮತ್ತೆ ಉಜ್ಜುತ್ತ ಬಹಳ ಹೊತ್ತು ನಿಂತ.

ಊರಿನ ಆ ತುದಿಯಲ್ಲಿ ಲೋರ್ನಾ ಫೋನನ್ನು ಕಣ್ಣೆದುರಿಗಿಟ್ಟುಕೊಂಡು ಕೂತಿದ್ದಳು. ಕೊಟ್ಟ ಮದ್ದೇ ವಿಷವಾಗಿದ್ದರೆ?

ಒಂಬತ್ತಕ್ಕೆ ಐದು ನಿಮಿಷವಿರುವಾಗ ಕ್ಲೇಟನ್ ತನ್ನ ಸಾಮಾನು ತೆಗೆದುಕೊಳ್ಳಲು ಲಾಕರ್ ಬಾಗಿಲು ಎಳೆದ. ಧೊಪ್ಪನೆ ತಲೆಯ ಮೇಲೊಂದು ಪೊಟ್ಟಣ ಬಿದ್ದು ಒಡೆಯಿತು. ಮೈದಾಹಿಟ್ಟು! ರೆಪ್ಪೆ, ಮೀಸೆ, ಕಾಲರು, ಎಲ್ಲ ಬೆಳ್ಳಗೆ. ಜನೆಲ್ ಗಾಬರಿಯಿಂದ ಟವೆಲ್ ಹಿಡಿದು ಓಡಿಬಂದಳು. ಓಸ್ಮೋ ಅವಳ ಮುಂಗೈ ಹಿಡಿದ.

“ಟವೆಲ್ ಕೊಡಬೇಡ.”

ಕ್ಲೇಟನ್ ಬಗ್ಗಿ ಪೊಟ್ಟಣದ ಕಾಗದ ಎತ್ತಿಕೊಂಡು ಬಿಡಿಸಿದ. ಹಿಟ್ಟಿನಡಿ ಅವನದೇ ರಾಜೀನಾಮೆ, ಅವನದೇ ಸಹಿ.

“ಉಪ್ಪು ಒಂದು ಚಮಚ ಕಮ್ಮಿ ಆಗಿತ್ತು ಕಣೋ,” ಎಂದ ಓಸ್ಮೋ. ಜನೆಲ್‌ಳ ಮುಂಗೈಯನ್ನು ಅವನಿನ್ನೂ ಬಿಟ್ಟಿರಲಿಲ್ಲ.

ಒಂಬತ್ತಕ್ಕೆ ಸರಿಯಾಗಿ ಲೋರ್ನಾಳ ಫೋನ್ ಬಡಿದುಕೊಂಡಿತು. ಮಾತಿಲ್ಲ. ಉಸಿರು ಕಟ್ಟಿದಂಥ ಸದ್ದು ಮಾತ್ರ. ಅಳುತ್ತಿದ್ದಾನೆಯೇ? ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಆಗ ಹಿಂದಿನಿಂದ ಇಡೀ ಸ್ಟೇಷನ್ನಿನ ನಗು ಕೇಳಿಸಿತು. ಎಲ್ಲಕ್ಕಿಂತ ಜೋರಾದದ್ದು ಫೋನಿಗೆ ಅಂಟಿಕೊಂಡೇ ಇತ್ತು, ನಡುನಡುವೆ ಹಿಟ್ಟು ಕೆಮ್ಮುತ್ತ. ಕೊನೆಗೆ ಆ ಜೇನುದನಿ ಬಂತು:

“ಈಗ... ನಿಮಗೆ ಹೇಗನ್ನಿಸ್ತಿದೆ, ಮೇಡಂ?”