ಬೆರಳು ಯಾರ ಕಡೆ

"ಅಣ್ಣಾ, ನಿಮ್ಮ ಹಾಡಿನಲ್ಲಿ 'ಅವನು' ಅಂದ್ರೆ ಯಾರು? ನನ್ನ ಬೆರಳು ಯಾರನ್ನಾದ್ರೂ ತೋರಿಸಲೇಬೇಕಲ್ಲ."

ಕಾರ್ಯಕ್ರಮಕ್ಕೆ ಇನ್ನು ಹತ್ತೇ ನಿಮಿಷ. ವೇದಿಕೆಯ ಹಿಂದಿನ ಕೋಣೆಯಲ್ಲಿ ಕೂದಲು ಕೆದರಿಸಿಕೊಳ್ಳುತ್ತಿದ್ದ ರಾಕ್ ಗಾಯಕ ಕನ್ನಡಿಯಲ್ಲೇ ನಕ್ಕ. ಕೇಳಿದವಳು ನಗರಸಭೆಯ ಸನ್ನೆಭಾಷೆಯವಳು. ಕಿವಿ ಕೇಳಿಸದವರಿಗಾಗಿ ವೇದಿಕೆಯ ಮೂಲೆಯಲ್ಲಿ ನಿಂತು ಹಾಡನ್ನು ಕೈಯಲ್ಲಿ ಹೇಳುವುದು ಅವಳ ಕೆಲಸ.

'ಅವನೆಂದು ಇಳಿವನೋ, ನಮ್ಮ ಹೆಗಲಿಂದ ಅವನೆಂದು ಇಳಿವನೋ' ಅನ್ನುವ ಆ ಹಾಡಿಗೆ ಊರು ಮೂವತ್ತು ವರ್ಷ ಕುಣಿದಿದೆ. ಈಗ ಆಳುವವರು ಇದು ಹಿಂದಿನವನ ಮೇಲೆ ಅಂದರು, ಹಿಂದಿನವರು ಇದು ಈಗಿನವನ ಮೇಲೆ ಅಂದರು. ಇಬ್ಬರೂ ತಂತಮ್ಮ ಸಭೆಯಲ್ಲಿ ಅದನ್ನೇ ಹಾಕಿಸಿದರು. ಗಾಯಕನೋ, ಕೇಳಿದವರಿಗೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟು, ಇಬ್ಬರಿಂದಲೂ ಪ್ರಶಸ್ತಿ ಹೊಡೆದುಕೊಂಡಿದ್ದ.

"ಅದು ಕೇಳುಗರಿಗೆ ಬಿಟ್ಟಿದ್ದಮ್ಮ," ಅಂದ.

"ನನ್ನವರಿಗೆ ಕೇಳಿಸೋದಿಲ್ಲವಲ್ಲಣ್ಣ. ಆ ಮನುಷ್ಯ ಎದುರಿಗಿದ್ರೆ ಅವನನ್ನೇ ತೋರಿಸ್ತೀವಿ. ಇಲ್ಲದಿದ್ರೆ ಯಾರು ಅಂತ ಮೊದಲೇ ಹೇಳ್ಬೇಕು. ಸುಮ್ಮನೆ ಗಾಳಿ ತೋರಿಸಿದ್ರೆ ಬೈತಾರೆ."

ಅವಳ ಸಂಕಟ ಅವಳಿಗೆ. ಮುಂದಿನ ಸಾಲಿನಲ್ಲಿ ನಗರಸಭೆಯ ಅಧ್ಯಕ್ಷರು ಕೂತಿದ್ದರು. ಅವಳ ಹಂಗಾಮಿ ಕೆಲಸ ಕಾಯಂ ಆಗುವ ಕಾಗದ ಅವರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಪಕ್ಕದಲ್ಲೇ, ಅವರನ್ನು ಕುರ್ಚಿಯಿಂದ ಇಳಿಸಲು ಹೊರಟಿದ್ದ ಎದುರಾಳಿ. ಬೆರಳು ಒಂದು ಗೇಣು ಅತ್ತಿತ್ತ ಆದರೂ ಅನ್ನಕ್ಕೆ ಸಂಚಕಾರ.

"ಯಾರನ್ನಾದ್ರೂ ತೋರಿಸು ತಾಯಿ, ನನಗೇನು," ಎಂದು ಗಾಯಕ ಗಿಟಾರ್ ಎತ್ತಿಕೊಂಡು ನಡೆದ. ಜಾಣ ಬಿಡಿ.

ಹಾಡು ಶುರುವಾಯಿತು. ಆ ಸಾಲು ಹತ್ತಿರ ಬಂದಂತೆ ಅಧ್ಯಕ್ಷರು ತಾಳ ಹಾಕುವುದನ್ನು ಬಿಟ್ಟು ಅವಳ ಕೈಯನ್ನೇ ನೋಡತೊಡಗಿದರು. ಎದುರಾಳಿಯೂ ನೋಡತೊಡಗಿದ. ಅಷ್ಟರಲ್ಲಿ ಗಾಯಕನಿಗೆ ಹುರುಪು ಬಂದು ವೇದಿಕೆಯಿಂದ ಜನರ ಮೇಲೆ ಹಾರಿಯೇಬಿಟ್ಟ. ನಾಲ್ವರು ಅಭಿಮಾನಿಗಳು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ವಯಸ್ಸು ಅರವತ್ತು, ತೂಕ ತೊಂಬತ್ತು. 'ಅವನೆಂದು ಇಳಿವನೋ' ಎಂದು ಅಲ್ಲಿಂದಲೇ ಅರಚಿದ.

ಅವಳ ಮುಖ ಅರಳಿತು. ಬೆರಳು ಸೀದಾ ಅವನ ಕಡೆ ಹೋಯಿತು.

ಕಿವಿ ಕೇಳಿಸದವರ ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಧ್ಯಕ್ಷರೂ ಎದುರಾಳಿಯೂ ಜೀವ ಬಂದವರಂತೆ ಒಟ್ಟಿಗೇ ಚಪ್ಪಾಳೆ ಹೊಡೆದರು. ಎಲ್ಲ ತನ್ನ ಹಾಡಿಗೇ ಅಂದುಕೊಂಡ ಗಾಯಕ ಮೇಲಿಂದ ಕೈ ಬೀಸಿದ. ಅವನ ಎಡಗಾಲನ್ನು ಹೊತ್ತಿದ್ದವನು ಮಾತ್ರ ಅವಳ ಬೆರಳನ್ನೊಮ್ಮೆ, ಮೇಲೊಮ್ಮೆ ನೋಡಿ, ಮೆಲ್ಲನೆ ತನ್ನ ಹೆಗಲನ್ನು ಜಾರಿಸಿಕೊಂಡ.